ಮನೆಯಲ್ಲೇ ಬೇಕರಿ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯವರು ಫೋನಿನಲ್ಲಿ, ಮದುವೆಮನೆ ಪಂಕ್ತಿಯಲ್ಲಿ, ಕೇಕ್ ತಗೊಂಡು ಹೋಗಲು ಬಂದಾಗ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲರಿಗೂ ಕಾಗದಪತ್ರದ್ದೇ ಭಯ ಜಾಸ್ತಿ. ನನ್ನ ಲೆಕ್ಕದಲ್ಲಿ ಕಾಗದ ಸಣ್ಣ ಕೆಲಸ. ನೀರು, ಮಳೆಗಾಲ, ಪ್ಯಾಕೆಟ್ ಮೇಲೆ ಹಾಕುವ ತಾರೀಕು, ಈ ಮೂರು ದೊಡ್ಡ ಕೆಲಸ.

## ಶುರು ಮಾಡುವ ಮೊದಲು

"ಅಕ್ಕ, ನಾನು ವಾರಕ್ಕೆ ಒಂದೆರಡು ಕೇಕ್ ಮಾಡೋದು, ಅದೂ ಗುರುತಿನವರಿಗೆ. ನನಗೂ ಲೈಸೆನ್ಸ್ ಬೇಕಾ?"

ಮಗಳ ಹುಟ್ಟುಹಬ್ಬಕ್ಕೆ ಮಾಡಿ ಹಂಚಿದರೆ ಏನೂ ಬೇಡ. ದುಡ್ಡು ತಗೊಂಡು ಮಾರಿದರೆ ಅದು ಆಹಾರ ವ್ಯಾಪಾರ. ಅಂಗಡಿ ಇಲ್ಲ, ಬೋರ್ಡ್ ಇಲ್ಲ, ಬರೀ ವಾಟ್ಸಾಪ್ ಸ್ಟೇಟಸ್ ಹಾಕ್ತೀನಿ ಅಂದರೂ ಅಷ್ಟೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಲಾಭ ಇದೆಯೋ ಇಲ್ಲವೋ ಅಂತಲೂ ನೋಡುವುದಿಲ್ಲ. "ಸಾಮಾನಿನ ದುಡ್ಡಷ್ಟೇ ತಗೋತೀನಿ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಆದರೆ ಸಣ್ಣವರಿಗೆ ಬೇಕಾದದ್ದು ಲೈಸೆನ್ಸ್ ಅಲ್ಲ, ರಿಜಿಸ್ಟ್ರೇಷನ್.

"ಎರಡೂ ಒಂದೇ ಅಲ್ವಾ?"

ಅಲ್ಲ. ವಹಿವಾಟು ಸಣ್ಣದಿದ್ದರೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ರಿಜಿಸ್ಟ್ರೇಷನ್ ಸಾಕು. ಅದು ಮೀರಿದರೆ ರಾಜ್ಯದ ಲೈಸೆನ್ಸ್, ಇನ್ನೂ ದೊಡ್ಡದಾದರೆ ಕೇಂದ್ರದ್ದು. 2011ರಲ್ಲಿ ನಿಯಮ ಬಂದಾಗ ಸಣ್ಣವರು ಅಂದರೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಒಳಗಿನವರು ಅಂತ ಇಟ್ಟರು. ಶುಲ್ಕ ವರ್ಷಕ್ಕೆ 100 ರೂಪಾಯಿ. ಮಿತಿ, ಶುಲ್ಕ ಎರಡನ್ನೂ ಸರ್ಕಾರ ಪರಿಷ್ಕರಿಸಬಹುದು. ಹಾಗಾಗಿ ಅರ್ಜಿ ಹಾಕುವ ದಿನ ಪೋರ್ಟಲ್ ಏನು ತೋರಿಸುತ್ತದೋ ಅದನ್ನೇ ನಂಬಿ, ನನ್ನ ಮಾತನ್ನಲ್ಲ.

12 ಲಕ್ಷ ಅಂದರೆ ಲಾಭ ಅಲ್ಲ, ಒಟ್ಟು ಮಾರಾಟ. ಹಾಗೆ ನೋಡಿದರೂ ತಿಂಗಳಿಗೆ ಒಂದು ಲಕ್ಷ. ಮನೆಯಲ್ಲಿ ಒಬ್ಬರೇ ಮಾಡುವವರು ಅಲ್ಲಿಗೆ ಮುಟ್ಟೋದು ಸುಲಭ ಇಲ್ಲ.

"ಬಂಡವಾಳ ಎಷ್ಟು ಹಾಕಬೇಕು? ದೊಡ್ಡ ಓವನ್ ತಗೊಳ್ಲಾ?"

ತಗೋಬೇಡಿ. ಇರುವ ಓಟಿಜಿಯಲ್ಲೇ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್) ಒಂದು ಮಳೆಗಾಲ, ಒಂದು ಕ್ರಿಸ್‌ಮಸ್ ಕಳೆಯಿರಿ. ಯಾವುದಕ್ಕೆ ಆರ್ಡರ್ ಬರುತ್ತದೆ ಅಂತ ಆಮೇಲೆ ಗೊತ್ತಾಗುತ್ತದೆ. ಮೊದಲ ದುಡ್ಡು ಹಾಕಬೇಕಾದದ್ದು ಒಳ್ಳೆ ತೂಕದ ಯಂತ್ರಕ್ಕೆ, ಓವನ್ ಒಳಗಿಡುವ ಥರ್ಮಾಮೀಟರಿಗೆ, ಮತ್ತೆ ಸಾಧ್ಯವಾದರೆ ಬೇಕಿಂಗಿಗೆಂದೇ ಒಂದು ಸಣ್ಣ ಫ್ರಿಜ್ಜಿಗೆ. ಮೀನು ಇಟ್ಟ ಫ್ರಿಜ್ಜಿನಲ್ಲಿ ಕ್ರೀಮ್ ಇಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ತಾನೆ?

"ಬೇಕಿಂಗ್ ಸರ್ಟಿಫಿಕೇಟ್ ಇಲ್ಲದಿದ್ರೆ ರಿಜಿಸ್ಟ್ರೇಷನ್ ಕೊಡಲ್ವಂತೆ?"

ಸುಳ್ಳು. ಕೋರ್ಸ್ ಮಾಡಿದ ಕಾಗದ ಯಾರೂ ಕೇಳುವುದಿಲ್ಲ. ಕಲಿಯಲೇಬೇಕು ಅನ್ನುವವರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರ ಇದೆ. ಅಲ್ಲಿ ಕಡಿಮೆ ಅವಧಿಯ ಕೋರ್ಸ್ ನಡೆಸುತ್ತಾರೆ. ಅಷ್ಟು ದೂರ ಆಗಲ್ಲ ಅಂದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ. ಅಲ್ಲಿ ತರಬೇತಿಗೆ ದುಡ್ಡಿಲ್ಲ, ಊಟ ವಸತಿಯನ್ನೂ ಅವರೇ ನೋಡಿಕೊಳ್ಳುತ್ತಾರೆ. ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ ಅನ್ನುವ ಆಹಾರ ಸುರಕ್ಷತೆ ತರಬೇತಿಯೂ ಇದೆ. ಕೇಕ್ ಮಾಡೋದು ಕಲಿಸಲ್ಲ, ಕೈ ತೊಳೆಯೋದು ಕಲಿಸ್ತಾರೆ. ಅದೇ ಹೆಚ್ಚು ಉಪಯೋಗ.

## ಕಾಗದಪತ್ರ

"ಏಜೆಂಟ್ ಮೂರು ಸಾವಿರ ಕೇಳ್ತಿದ್ದಾನೆ. ಕೊಡಬಹುದಾ?"

ನೂರು ರೂಪಾಯಿ ಕೆಲಸಕ್ಕೆ ಯಾಕೆ? ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಪೋರ್ಟಲ್‌ನಲ್ಲಿ ನಿಮ್ಮ ಮೊಬೈಲ್ ನಂಬರಿನಿಂದಲೇ ಖಾತೆ ತೆರೆಯಿರಿ. ಏಜೆಂಟ್ ತನ್ನ ನಂಬರ್ ಹಾಕಿಬಿಟ್ಟರೆ ಮುಂದೆ ಪ್ರತಿ ತಿದ್ದುಪಡಿಗೂ ಅವನ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ. ತುಂಬಬೇಕಾದದ್ದು ಫಾರಂ ಎ. ಫೋಟೋ, ಆಧಾರ್‌ನಂಥ ಗುರುತಿನ ಚೀಟಿ, ಕೆಲಸ ಮಾಡುವ ಜಾಗದ ವಿಳಾಸದ ದಾಖಲೆ ಇಷ್ಟು ಇಟ್ಟುಕೊಂಡು ಕೂತರೆ ಸಾಕು. ಆಹಾರದ ವಿಭಾಗ ಕೇಳುವಲ್ಲಿ ಬೇಕರಿ ಪದಾರ್ಥ ಅಂತ ಆರಿಸಿ. ಅದು 7ನೇ ವಿಭಾಗ. ಚಕ್ಕುಲಿ, ಉಪ್ಪಿನಕಾಯಿಯನ್ನೂ ಮಾರುವ ಯೋಚನೆ ಇದ್ದರೆ ಅದರ ವಿಭಾಗವನ್ನೂ ಈಗಲೇ ಸೇರಿಸಿ.

ಅರ್ಜಿ ಹೋದ ಮೇಲೆ 7 ದಿನದಲ್ಲಿ ಅಧಿಕಾರಿ ನೋಂದಣಿ ಕೊಡಬೇಕು, ಇಲ್ಲ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲ ಜಾಗ ನೋಡಲು ಬರುತ್ತೇವೆ ಅಂತ ತಿಳಿಸಬೇಕು. ನೋಡಲು ಬರುವುದಾದರೆ ಒಟ್ಟು 30 ದಿನದೊಳಗೆ ತೀರ್ಮಾನ ಆಗಬೇಕು. ಇದು ನಿಯಮದಲ್ಲೇ ಇರುವ ಮಾತು, ಕೇಳುವಾಗ ಹಿಂಜರಿಯಬೇಡಿ. ಬರುವ ನಂಬರ್ 14 ಅಂಕಿಯದ್ದು. ರಿಜಿಸ್ಟ್ರೇಷನ್ ಆದರೆ 2ರಿಂದ ಶುರುವಾಗುತ್ತದೆ, ಲೈಸೆನ್ಸ್ ಆದರೆ 1ರಿಂದ. ಯಾರೋ ಕೊಟ್ಟ ಕಾಗದ ಅಸಲಿಯೋ ನಕಲಿಯೋ ಅಂತ ಅನುಮಾನ ಬಂದರೆ ಪೋರ್ಟಲ್‌ನಲ್ಲೇ ನಂಬರ್ ಹಾಕಿ ನೋಡಬಹುದು.

2022ರ ಜನವರಿಯಿಂದ ಬಿಲ್ಲಿನ ಮೇಲೂ ಈ ನಂಬರ್ ಇರಬೇಕು. ಕೈಬರಹದ ಬಿಲ್ ಪುಸ್ತಕ ಆದರೂ ಒಂದು ಸೀಲ್ ಮಾಡಿಸಿಕೊಳ್ಳಿ.

"ಬಾಡಿಗೆ ಮನೆ. ಓನರ್‌ಗೆ ಹೇಳಬೇಕಾ?"

ಹೇಳಿ. ಅವರಿಂದ ಒಂದು ಒಪ್ಪಿಗೆ ಪತ್ರವನ್ನೂ ಬರೆಸಿಕೊಳ್ಳಿ. ಕರಾರಿನಲ್ಲಿ "ವಾಸಕ್ಕೆ ಮಾತ್ರ" ಅಂತ ಇದ್ದು, ಆಮೇಲೆ ಅವರಿಗೆ ಬೇರೆ ಯಾರಿಂದಲೋ ಗೊತ್ತಾಗುವುದಕ್ಕಿಂತ ಇದು ಎಷ್ಟೋ ವಾಸಿ. ರಿಜಿಸ್ಟ್ರೇಷನ್ ಆ ಜಾಗಕ್ಕೆ ಕೊಟ್ಟದ್ದು ಅನ್ನುವುದು ನೆನಪಿರಲಿ. ಮನೆ ಬದಲಾಯಿಸಿದರೆ ಅದನ್ನೂ ಸರಿಮಾಡಿಸಬೇಕು.

"ಪಾಲಿಕೆ ಲೈಸೆನ್ಸ್ ಬೇರೆ ಮಾಡಿಸಬೇಕಾ?"

ಎಫ್‌ಎಸ್‌ಎಸ್‌ಎಐ ನೋಂದಣಿ ಇದ್ದ ಮಾತ್ರಕ್ಕೆ ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಮಾಫಿ ಆಗುವುದಿಲ್ಲ. ಅದು ಬೇರೆ ಕಾನೂನು. ಶಿವಮೊಗ್ಗ ಊರೊಳಗಿದ್ದರೆ ಮಹಾನಗರ ಪಾಲಿಕೆ, ಸಾಗರ ಭದ್ರಾವತಿಯಲ್ಲಿ ನಗರಸಭೆ, ತೀರ್ಥಹಳ್ಳಿ ಹೊಸನಗರದಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ಬೋರ್ಡ್ ಹಾಕುವ, ಜನ ಬಂದು ಹೋಗುವ ಹಂತಕ್ಕೆ ಬಂದಿದ್ದರೆ ಖಂಡಿತ ಮಾಡಿಸಿ. ಬರೀ ಆರ್ಡರ್ ಮೇಲೆ ಮಾಡುವವರೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳೋದು ಒಳ್ಳೇದು. ಪಕ್ಕದ ಮನೆಯವರ ಜೊತೆ ಪಾರ್ಕಿಂಗ್ ಜಗಳ ಆದಾಗ ಮೊದಲು ಹೊರಗೆ ಬರುವ ದೂರು ಇದೇ.

ಸಂಬಳಕ್ಕೆ ಜನ ಇಟ್ಟುಕೊಂಡರೆ ಅಥವಾ ಅಂಗಡಿ ತೆರೆದರೆ ಕಾರ್ಮಿಕ ಇಲಾಖೆಯ ನೋಂದಣಿಯನ್ನೂ ವಿಚಾರಿಸಿ.

"ಇನ್‌ಸ್ಪೆಕ್ಟರ್ ಅಡುಗೆಮನೆಗೇ ಬರ್ತಾರಾ? ಬಂದ್ರೆ ಏನು ನೋಡ್ತಾರೆ?"

ಬರಬಹುದು. ಆಹಾರ ತಯಾರಾಗುವ ಯಾವ ಜಾಗವನ್ನೂ ನೋಡುವ, ಮಾದರಿ ತೆಗೆಯುವ ಅಧಿಕಾರ ಆಹಾರ ಸುರಕ್ಷತಾ ಅಧಿಕಾರಿಗೆ ಇದೆ. ಟೈಲ್ಸ್ ಹಾಕಿಸಿದ್ದೀರಾ ಅಂತ ನೋಡಲು ಅಲ್ಲ. ಸಣ್ಣವರಿಗೂ ಅನ್ವಯಿಸುವ ಶುಚಿತ್ವದ ಪಟ್ಟಿ ನಿಯಮದ 4ನೇ ಶೆಡ್ಯೂಲ್‌ನಲ್ಲಿದೆ. ಕುಡಿಯಲು ಯೋಗ್ಯ ನೀರು, ಮುಚ್ಚಿದ ಕಸದ ಡಬ್ಬ, ಇಲಿ ಜಿರಳೆ ಇಲ್ಲದಿರುವುದು, ಸಾಕುಪ್ರಾಣಿ ಒಳಗೆ ಬಾರದಿರುವುದು, ಅಂಟುರೋಗ ಇರುವವರು ಆಹಾರ ಮುಟ್ಟದಿರುವುದು, ಇಂಥವು.

ನಮ್ಮ ಮನೆಗಳಲ್ಲಿ ಕಷ್ಟ ಎಲ್ಲಿ ಅಂದರೆ ನೀರಿನಲ್ಲಿ. ತುಂಬಾ ಮನೆಗಳಿಗೆ ಗುಡ್ಡದ ಒರತೆಯಿಂದ ಪೈಪ್ ಎಳೆದಿರುತ್ತಾರೆ, ಇಲ್ಲ ತೋಟದ ಬಾವಿ. ತಲೆಮಾರಿನಿಂದ ಕುಡಿದ ನೀರು, ಏನೂ ಆಗಿಲ್ಲ ಅನ್ನುತ್ತೇವೆ. ಆದರೆ ಜೂನ್‌ನಲ್ಲಿ ಅದೇ ನೀರು ಕೆಂಪಗೆ ಬರುತ್ತದೆ. ಕೊಟ್ಟಿಗೆ, ಗೊಬ್ಬರಗುಂಡಿ ಮೇಲ್ಗಡೆ ಇದ್ದು ಬಾವಿ ಕೆಳಗಿದ್ದರೆ ಇನ್ನೂ ಕಷ್ಟ. ಕೇಕ್ ಏನೋ ಬೇಯುತ್ತದೆ. ಸಕ್ಕರೆ ಪಾಕ, ಐಸಿಂಗ್, ಪಾತ್ರೆ ತೊಳೆಯುವ ನೀರು ಬೇಯುವುದಿಲ್ಲ. ಮಳೆಗಾಲ ಶುರುವಾದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನೀರು ಪರೀಕ್ಷೆ ಮಾಡಿಸಿ ವರದಿ ಫೈಲಿನಲ್ಲಿಡಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಎಲ್ಲಿ ಕೊಡಬೇಕು ಅಂತ ಹೇಳುತ್ತಾರೆ. ಕುದಿಸಿ ಆರಿಸಿದ ನೀರನ್ನೇ ಐಸಿಂಗಿಗೆ ಬಳಸಿ.

ಇನ್ನೊಂದು, ಬೆಕ್ಕು. ಮಲೆನಾಡಿನ ಅಡುಗೆಮನೆಯಿಂದ ಬೆಕ್ಕನ್ನು ಹೊರಗಿಡುವುದು ಇಡೀ ಕಾಯ್ದೆಯಲ್ಲೇ ಕಷ್ಟದ ಭಾಗ. ಬೇಕಿಂಗಿಗೆ ಬಾಗಿಲಿರುವ ಬೇರೆ ಕೋಣೆ ಮಾಡಿಕೊಂಡರೆ ಗೆದ್ದಿರಿ.

## ಗ್ಯಾಸು, ಕರೆಂಟು, ಮಳೆ

"ಮನೆ ಸಿಲಿಂಡರ್‌ನಲ್ಲೇ ಮಾಡಬಹುದಲ್ವಾ?"

14.2 ಕೆಜಿಯ ಮನೆ ಸಿಲಿಂಡರ್ ಮನೆ ಅಡುಗೆಗೆ ಮಾತ್ರ. ವ್ಯಾಪಾರಕ್ಕೆ 19 ಕೆಜಿಯದ್ದು ಬೇಕು. ಗ್ಯಾಸ್ ಓವನ್ ಇಟ್ಟುಕೊಳ್ಳುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ಬೆಲೆಯಲ್ಲಿ ವ್ಯತ್ಯಾಸ ಇದೆ.

"ಓವನ್ ಹಾಕಿದ್ರೆ ಗೃಹಜ್ಯೋತಿ ಹೋಗಿಬಿಡತ್ತಾ?"

ಯೋಜನೆ ಮನೆ ಬಳಕೆಗೆ ಅಂತ ಇರುವುದು. ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಉಚಿತ ಯೂನಿಟ್ ನಿಗದಿ ಮಾಡಿರುತ್ತಾರೆ. ಅದು ದಾಟಿದರೆ ಹೆಚ್ಚಿನದಕ್ಕೆ ದುಡ್ಡು. 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ ನಿಮ್ಮದೇ. 1500 ವ್ಯಾಟ್‌ನ ಓಟಿಜಿ ಒಂದು ಗಂಟೆ ಪೂರ್ತಿ ಉರಿದರೆ ಒಂದೂವರೆ ಯೂನಿಟ್. ದಿನಕ್ಕೆ ಎರಡು ಗಂಟೆ ಅಂದರೆ ತಿಂಗಳಿಗೆ 90 ಯೂನಿಟ್ ಹತ್ತಿರ. ನಡುವೆ ಅದು ತಾನೇ ಆರಿ ಹತ್ತುವುದರಿಂದ ನಿಜವಾದ ಬಳಕೆ ಸ್ವಲ್ಪ ಕಡಿಮೆ. ಆದರೂ ಫ್ರಿಜ್, ಪಂಪ್ ಜೊತೆ ಸೇರಿದರೆ 200 ದೂರ ಇಲ್ಲ.

ವ್ಯಾಪಾರದ ದರದ ಮೀಟರ್ ಬೇರೆಯೇ ಇದೆ. ಕೆಲಸ ಬೆಳೆದಾಗ ನಿಮ್ಮ ಮೆಸ್ಕಾಂ ಶಾಖಾ ಕಚೇರಿಯಲ್ಲಿ ಕೇಳಿ ಪ್ರತ್ಯೇಕ ಮೀಟರ್ ಹಾಕಿಸಿದರೆ ಖರ್ಚಿನ ಲೆಕ್ಕವೂ ಸ್ಪಷ್ಟ ಸಿಗುತ್ತದೆ.

"ಮಳೆಗಾಲದಲ್ಲಿ ಬಿಸ್ಕತ್ತು ಮೆತ್ತಗಾಗತ್ತೆ, ಫಾಂಡೆಂಟ್ ಬೆವರತ್ತೆ. ಏನು ಮಾಡೋದು?"

ಯೂಟ್ಯೂಬಿನ ರೆಸಿಪಿ ಯಾರೂ ಜುಲೈ ತಿಂಗಳ ಹೊಸನಗರದಲ್ಲಿ ಕೂತು ಬರೆದದ್ದಲ್ಲ. ಗಾಳಿಯಲ್ಲೇ ನೀರಿರುವಾಗ ಸಕ್ಕರೆ ಅದನ್ನು ಎಳೆದುಕೊಳ್ಳುತ್ತದೆ. ಫಾಂಡೆಂಟ್ ಅಂದರೆ ಕೇಕಿನ ಮೇಲೆ ಹೊದಿಸುವ ಸಕ್ಕರೆ ಹಾಳೆ; ಅಂಥ ಕೇಕನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಅದರ ಮೇಲೆ ಹನಿ ಕಟ್ಟುತ್ತದೆ, ಬಣ್ಣ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಫಾಂಡೆಂಟ್, ಮೆರಾಂಗ್ (ಮೊಟ್ಟೆಯ ಬಿಳಿಗೆ ಸಕ್ಕರೆ ಹಾಕಿ ನೊರೆ ಬರಿಸಿ ಮಾಡುವುದು) ಆರ್ಡರ್ ಬೇಡ ಅಂದುಬಿಡಿ. ಗ್ರಾಹಕರಿಗೆ ಒಂದು ದಿನ ಬೇಜಾರಾಗಬಹುದು, ಅಷ್ಟೇ. ಆ ಕಾಲಕ್ಕೆ ಹೇಳಿ ಮಾಡಿಸಿದ್ದು ಬೆಲ್ಲದ ಕೇಕ್, ಬಾಳೆಹಣ್ಣಿನ ಕೇಕ್, ಅನಾನಸ್ ತಲೆಕೆಳಗಿನ ಕೇಕ್. ತೇವ ಇದ್ದರೇ ಚೆನ್ನಾಗಿರುವಂಥವು.

ಬಿಸ್ಕತ್ತು ಪೂರ್ತಿ ಆರಿದ ಮೇಲೆ, ಆದರೆ ಆರಿದ ತಕ್ಷಣ ಪ್ಯಾಕ್ ಮಾಡಿ. ಸಂಜೆ ತನಕ ತಟ್ಟೆಯಲ್ಲಿ ಬಿಟ್ಟರೆ ಮುಗಿಯಿತು. ಗಾಳಿ ತೂರದ ದಪ್ಪ ಕವರ್, ಒಳಗೆ ಆಹಾರಕ್ಕೆಂದೇ ಮಾಡಿದ ಸಿಲಿಕಾ ಜೆಲ್ ಚೀಟಿ.

ಕರೆಂಟಿನ ಮಾತು ಬೇರೆ. ಮರ ಬಿದ್ದು ಎರಡು ದಿನ ಹೋಗುವುದು ನಮಗೆ ಹೊಸದಲ್ಲ. ಮನೆಯ ಸಾಮಾನ್ಯ ಇನ್ವರ್ಟರ್ ಓವನ್ ಎಳೆಯುವುದಿಲ್ಲ. ಮುಂಗಡ ತಗೊಳ್ಳುವಾಗಲೇ "ಮಳೆಗಾಲದಲ್ಲಿ ಕರೆಂಟ್ ಹೋದರೆ ದುಡ್ಡು ವಾಪಸ್" ಅಂತ ಬರೆದು ಕಳಿಸಿ. ಕ್ರೀಮ್ ಕೇಕ್ ಫ್ರಿಜ್ಜಿನಲ್ಲಿದ್ದಾಗ ಇಡೀ ರಾತ್ರಿ ಕರೆಂಟ್ ಹೋಗಿದ್ದರೆ ಅದನ್ನು ಮಾರಬೇಡಿ. ರುಚಿ ನೋಡಿ ತೀರ್ಮಾನಿಸುವ ವಿಷಯ ಅಲ್ಲ ಅದು.

## ಲೇಬಲ್, ಮೊಟ್ಟೆ, ಬಣ್ಣ

"ಲೇಬಲ್ ಮೇಲೆ ಏನೇನು ಇರಬೇಕು? ಕನ್ನಡದಲ್ಲಿ ಹಾಕಿದ್ರೆ ಸಾಕಾ?"

ಮೊದಲೇ ಪ್ಯಾಕ್ ಮಾಡಿ ಅಂಗಡಿಗೆ ಕೊಡುವ ಪದಾರ್ಥಕ್ಕೆ ಪೂರ್ತಿ ಲೇಬಲ್ ಬೇಕು. ಹೆಸರು, ಬಳಸಿದ ಸಾಮಾನು ತೂಕದ ಇಳಿಕೆ ಕ್ರಮದಲ್ಲಿ, ಪೋಷಕಾಂಶದ ವಿವರ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಿಸಿದ ತಾರೀಕು, ಎಲ್ಲಿಯವರೆಗೆ ಬಳಸಬಹುದು, ಬ್ಯಾಚ್, ನಿಮ್ಮ ಹೆಸರು ವಿಳಾಸ, ದೂರು ಹೇಳಲು ಫೋನ್, 14 ಅಂಕಿಯ ನಂಬರ್, ಸಸ್ಯಾಹಾರದ ಅಥವಾ ಮಾಂಸಾಹಾರದ ಗುರುತು. ಅಲರ್ಜಿ ಇರುವವರಿಗಾಗಿ ಗೋಧಿ, ಹಾಲು, ಮೊಟ್ಟೆ, ಸೋಯಾ, ಶೇಂಗಾ, ಗೋಡಂಬಿ ಬಾದಾಮಿಯಂಥವು ಇದ್ದರೆ ಬೇರೆಯಾಗಿ ತಿಳಿಸಬೇಕು.

ಕನ್ನಡ ಮಾತ್ರ ಸಾಕಾಗುವುದಿಲ್ಲ. ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ದೇವನಾಗರಿಯಲ್ಲಿ ಹಿಂದಿ ಇರಲೇಬೇಕು, ಜೊತೆಗೆ ಬೇರೆ ಭಾಷೆ ಹಾಕಬಹುದು. ಸಾಗರದಲ್ಲಿ ಮಾಡಿ ಸಾಗರದಲ್ಲೇ ಮಾರುವ ಬಿಸ್ಕತ್ತಿಗೂ ಇದೇ. ನನಗೆ ಇದು ಸರಿ ಅನ್ನಿಸುವುದಿಲ್ಲ, ಆದರೂ ನಿಯಮ ನಿಯಮವೇ. ಕನ್ನಡವನ್ನು ದೊಡ್ಡದಾಗಿ, ಇಂಗ್ಲಿಷನ್ನು ಓದುವಷ್ಟು ಗಾತ್ರದಲ್ಲಿ ಹಾಕಿ.

ತೂಕದ ಲೆಕ್ಕದಲ್ಲಿ ಮಾರುವವರು ಅಡುಗೆಮನೆಯ ಆಟಿಕೆಯಂಥ ತಕ್ಕಡಿ ಬಿಟ್ಟು, ಕಾನೂನು ಮಾಪನ ಇಲಾಖೆ ಮುದ್ರೆ ಹಾಕಿದ್ದನ್ನು ಬಳಸಬೇಕು.

"ಮೊಟ್ಟೆ ಹಾಕಿದ ಕೇಕಿಗೆ ಹಸಿರು ಚುಕ್ಕೆ ಹಾಕಬಹುದಾ?"

ಇಲ್ಲ. ಆಹಾರ ಲೇಬಲ್ ನಿಯಮದಲ್ಲಿ ಮೊಟ್ಟೆ ಮಾಂಸಾಹಾರದ ಲೆಕ್ಕ. ಚೌಕದೊಳಗೆ ಕಂದು ತ್ರಿಕೋನ ಹಾಕಬೇಕು. "ಮೊಟ್ಟೆ ಮಾತ್ರ ಇದೆ" ಅಂತ ಪಕ್ಕದಲ್ಲಿ ಬರೆಯಲು ಅವಕಾಶ ಇದೆ, ಬರೆಯಿರಿ. ಹಾಲು, ಬೆಣ್ಣೆ, ಜೇನು ಇದ್ದರೆ ಹಸಿರು ಚುಕ್ಕೆಗೆ ತೊಂದರೆ ಇಲ್ಲ.

"ಎಗ್‌ಲೆಸ್ ಅಂದ್ರೂ 'ಅದೇ ಓವನ್ನಾ?' ಅಂತಾರಲ್ಲ?"

ಕೇಳುತ್ತಾರೆ, ಕೇಳಲಿ. ಒಂದೇ ಓವನ್ ಇದ್ದರೆ ಒಂದೇ ಓವನ್ ಅಂತ ಹೇಳಿ. ಬೌಲು, ಬೀಟರ್, ಅಚ್ಚು ಬೇರೆ ಇಟ್ಟುಕೊಂಡಿದ್ದರೆ ಅದನ್ನೂ ಹೇಳಿ. ಒಪ್ಪದವರು ತಗೊಳ್ಳದಿರಲಿ. ನಮ್ಮ ಕಡೆ ಪೂರ್ತಿ ಎಗ್‌ಲೆಸ್ ಅಡುಗೆಮನೆ ಇಟ್ಟವರಿಗೆ ಉಪನಯನ, ಗೃಹಪ್ರವೇಶದ ಆರ್ಡರೇ ಬೇಕಾದಷ್ಟು ಸಿಗುತ್ತದೆ. ಎರಡೂ ದೋಣಿಯಲ್ಲಿ ಕಾಲಿಡುವ ಬದಲು ಒಂದನ್ನು ಆರಿಸಿಕೊಳ್ಳೋದು ವ್ಯಾಪಾರಕ್ಕೂ ಲೇಸು.

"ರೆಡ್ ವೆಲ್ವೆಟ್‌ಗೆ ಬಣ್ಣ ಎಷ್ಟು ಹಾಕಬಹುದು? ಬ್ಯಾನ್ ಆಗಿದೆ ಅಂತಿದ್ರು."

ಕೇಕ್ ಬ್ಯಾನ್ ಆಗಿಲ್ಲ. 2024ರ ಅಕ್ಟೋಬರ್‌ನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿ ಪರೀಕ್ಷಿಸಿ, 12ರಲ್ಲಿ ಕೃತಕ ಬಣ್ಣ ಜಾಸ್ತಿ ಇದೆ ಅಂತ ಎಚ್ಚರಿಕೆ ಕೊಟ್ಟಿತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಅದರಲ್ಲಿ ಬಂತು. ಅನುಮತಿ ಇರುವ ಕೃತಕ ಬಣ್ಣಕ್ಕೂ ಕೇಕಿನಲ್ಲಿ ಒಂದು ಕೆಜಿಗೆ 100 ಮಿಲಿಗ್ರಾಂ ಮಿತಿ. ಕಣ್ಣಂದಾಜಿನಲ್ಲಿ ಚಮಚದಿಂದ ಸುರಿಯುವವರಿಗೆ ಇದು ಎಷ್ಟು ಕಡಿಮೆ ಅಂತ ಗೊತ್ತಾಗುವುದಿಲ್ಲ. ಬಾಟಲಿ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್, ಬಣ್ಣದ ಹೆಸರು ಇಲ್ಲದಿದ್ದರೆ ಕೊಳ್ಳಲೇಬೇಡಿ. ಬೀಟ್‌ರೂಟ್ ಅಷ್ಟು ಕೆಂಪು ಬರಲ್ಲ, ನಿಜ. ಅಷ್ಟು ಕೆಂಪು ಯಾಕೆ ಬೇಕು ಅನ್ನುವುದು ನನ್ನ ಪ್ರಶ್ನೆ.

ಬ್ರೆಡ್ ಮಾಡುವವರು ಇದನ್ನೂ ತಿಳಿದಿರಬೇಕು: ಪೊಟ್ಯಾಸಿಯಂ ಬ್ರೋಮೇಟ್ 2016ರಿಂದ ನಿಷೇಧ. ಹೆಸರಿಲ್ಲದ ಬ್ರೆಡ್ ಇಂಪ್ರೂವರ್ ಪುಡಿ ಬೇಡ.

"ಬೆಲ್ಲದ ಕೇಕ್‌ಗೆ 'ಶುಗರ್ ಫ್ರೀ' ಅಂತ ಹಾಕ್ತಾರಲ್ಲ, ನಾನೂ ಹಾಕಲಾ?"

ದಯವಿಟ್ಟು ಬೇಡ. 100 ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇದ್ದರೆ ಆ ಮಾತು ಬಳಸುವ ಹಾಗಿಲ್ಲ. ಬೆಲ್ಲವೂ ಸಕ್ಕರೆಯೇ. ಸಕ್ಕರೆ ಕಾಯಿಲೆಯವರು ನಂಬಿ ತಿನ್ನುತ್ತಾರೆ. "ಬೆಲ್ಲ ಹಾಕಿದ್ದು" ಅಂತ ಹಾಕಿ, ಸಾಕು. ಹಾಗೆಯೇ ಸಸ್ಯಜನ್ಯ ಕೊಬ್ಬಿನ ಕ್ರೀಮಿಗೆ ಹಾಲಿನ ಕೆನೆ ಅನ್ನಬೇಡಿ, ಡಾಲ್ಡಾ ಹಾಕಿ ಬೆಣ್ಣೆ ಬಿಸ್ಕತ್ತು ಅನ್ನಬೇಡಿ. ಪ್ರಮಾಣಪತ್ರ ಇಲ್ಲದೆ ಸಾವಯವ ಅನ್ನುವುದೂ ತಪ್ಪೇ, ನಿಮ್ಮದೇ ತೋಟದ ಅನಾನಸ್ ಆದರೂ.

"ಎಷ್ಟು ದಿನ ಇರತ್ತೆ ಅಂತ ಹೇಗೆ ಬರೆಯೋದು?"

ಪಕ್ಕದ ಬೇಕರಿಯ ಪ್ಯಾಕೆಟ್ ನೋಡಿ ಬರೆಯಬೇಡಿ. ಒಂದೇ ಬ್ಯಾಚಿನ ಕೆಲವು ಪ್ಯಾಕೆಟ್ ಎತ್ತಿಟ್ಟು ದಿನ ಬಿಟ್ಟು ದಿನ ಒಂದೊಂದು ತೆರೆದು ಬರೆದಿಡಿ. ಮೆತ್ತಗಾದ ದಿನ, ವಾಸನೆ ಬಂದ ದಿನ, ಬೂಸ್ಟು ಕಂಡ ದಿನ. ಈ ಪರೀಕ್ಷೆ ಜುಲೈನಲ್ಲಿ ಮಾಡಿ. ಶಿವಮೊಗ್ಗದ ಮಾರ್ಚ್ ಬಿಸಿಲಲ್ಲಿ ಇಪ್ಪತ್ತು ದಿನ ಬಂದದ್ದು ಆಗುಂಬೆ ಕಡೆಯ ಅಂಗಡಿಯಲ್ಲಿ ಆಷಾಢದಲ್ಲಿ ಅರ್ಧವೂ ಬಾರದಿರಬಹುದು. ಹಾಳಾಗಲು ಶುರುವಾದ ದಿನಕ್ಕಿಂತ ಸಾಕಷ್ಟು ಹಿಂದಿನ ತಾರೀಕು ಹಾಕಿ. ಕ್ರೀಮ್ ಕೇಕಿಗೆ ಫ್ರಿಜ್ಜಿನಲ್ಲಿಟ್ಟು ಎರಡು ದಿನಕ್ಕಿಂತ ಹೆಚ್ಚು ನಾನಂತೂ ಹೇಳುವುದಿಲ್ಲ.

"ಬಾಕ್ಸ್ ಜೊತೆ ಪ್ಲಾಸ್ಟಿಕ್ ಚಾಕು ಕೊಡಬಹುದಾ?"

2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಾಕು, ಚಮಚ, ಫೋರ್ಕ್ ನಿಷೇಧ. ಅಲಂಕಾರದ ಥರ್ಮೋಕೋಲ್ ಕೂಡ. ಮರದ ಚಾಕು ಸಿಗುತ್ತದೆ. ಬಿಸ್ಕತ್ತು ಹಳೇ ಪೇಪರಿನಲ್ಲಿ ಸುತ್ತಿ ಕೊಡುವುದೂ ಬೇಡ, ಶಾಯಿ ಅಂಟುತ್ತದೆ.

## ದುಡ್ಡು, ತೆರಿಗೆ, ಸಾಲ

"ಬೆಲೆ ಹೇಗೆ ಹಾಕೋದು? ಜಾಸ್ತಿ ಅಂದ್ರೆ ಬೇಜಾರು ಮಾಡ್ಕೋತಾರೆ."

ಸಾಮಾನು, ಕರೆಂಟು, ಗ್ಯಾಸು, ಬಾಕ್ಸು, ಹಾಳಾದದ್ದು, ಓಡಾಟ, ಕೊನೆಗೆ ನಿಮ್ಮ ಗಂಟೆಗಳ ಕೂಲಿ. ನಮ್ಮ ಹೆಂಗಸರು ಬಿಡುವುದು ಈ ಕೊನೆಯದನ್ನೇ. ತೋಟದ ಕೆಲಸಕ್ಕೆ ಬಂದವರಿಗೆ ದಿನಗೂಲಿ ಎಷ್ಟು ಕೊಡುತ್ತೀರಿ? ಅಷ್ಟಾದರೂ ನಿಮಗೆ ನೀವು ಹಾಕಿಕೊಳ್ಳಿ. ತಿರುವಿನ ರಸ್ತೆಯಲ್ಲಿ ಎರಡು ಅಂತಸ್ತಿನ ಕೇಕ್ ಸಾಗಿಸುವುದಕ್ಕೆ ಬೇರೆ ದರ ಹೇಳಿ. ಇಲ್ಲ, ಅಲ್ಲೇ ಹೋಗಿ ಜೋಡಿಸಿ.

"ಯುಪಿಐಯಲ್ಲಿ ದುಡ್ಡು ಬಂದ್ರೆ ಜಿಎಸ್‌ಟಿ ನೋಟಿಸ್ ಬರತ್ತಂತೆ?"

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಅಂದಿನಿಂದ ಈ ಭಯ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನೀವು ಅಲ್ಲಿಗೆ ಬಂದಿರುವುದಿಲ್ಲ. ಆದರೆ ಚೀಟಿ ದುಡ್ಡು, ಅಡಿಕೆ ದುಡ್ಡು, ಕೇಕ್ ದುಡ್ಡು ಒಂದೇ ಖಾತೆಗೆ ಬರುತ್ತಿದ್ದರೆ ನಾಳೆ ಬಿಡಿಸಿ ಹೇಳುವುದು ಕಷ್ಟ. ಬೇಕಿಂಗಿಗೆ ಬೇರೆ ಖಾತೆ, ಬೇರೆ ಕ್ಯುಆರ್ ಇಟ್ಟುಕೊಳ್ಳಿ. ದರದ ಮಾತು ಕೇಳಿದರೆ, 2025ರ ಸೆಪ್ಟೆಂಬರ್ 22ರಿಂದ ಕೇಕ್, ಪೇಸ್ಟ್ರಿ, ಬಿಸ್ಕತ್ತಿಗೆ 18 ಇದ್ದದ್ದು ಶೇಕಡ 5ಕ್ಕೆ ಇಳಿದಿದೆ. ಬ್ರೆಡ್ಡಿಗೆ ತೆರಿಗೆ ಇಲ್ಲ.

"ಸಬ್ಸಿಡಿ ಸಿಗತ್ತಾ?"

2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಅನ್ನುವ ಯೋಜನೆ ಕಿರು ಆಹಾರ ಘಟಕಗಳಿಗೇ ಇರುವುದು. ಯೋಜನಾ ವೆಚ್ಚದ ಶೇಕಡ 35, ಗರಿಷ್ಠ 10 ಲಕ್ಷ ಕೇಂದ್ರದ ಲೆಕ್ಕ. ಕರ್ನಾಟಕ ಅದರ ಮೇಲೆ ಶೇಕಡ 15 ಸೇರಿಸಿತು. ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ ಇದು, ಕೈಗೆ ಕೊಡುವ ದುಡ್ಡಲ್ಲ. ಯೋಜನೆಯಲ್ಲಿ ಜಿಲ್ಲೆಗೊಂದು ಉತ್ಪನ್ನ ಅಂತ ಆರಿಸಿದ್ದಾರೆ, ಶಿವಮೊಗ್ಗ ಜಿಲ್ಲೆಗೆ ಅನಾನಸ್. ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ಕೇಳಿ. ಓವನ್ನಿಗಷ್ಟೇ ದುಡ್ಡು ಬೇಕಿದ್ದರೆ ಮುದ್ರಾ ಶಿಶು ಸಾಲ ಇದೆ, 50,000 ರೂಪಾಯಿ ತನಕ, ಅಡಮಾನ ಇಲ್ಲದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ.

## ಸ್ವಲ್ಪ ಬೆಳೆದ ಮೇಲೆ

"ನಮ್ಮ ಸಂಘದ ಐದು ಜನ ಅವರವರ ಮನೆಯಲ್ಲಿ ಮಾಡಿ ಒಂದೇ ಹೆಸರಲ್ಲಿ ಮಾರ್ತೀವಿ. ಒಂದು ನಂಬರ್ ಸಾಕಾ?"

ಸಾಲದು. ಐದು ಅಡುಗೆಮನೆ ಅಂದರೆ ಐದು ರಿಜಿಸ್ಟ್ರೇಷನ್. ಒಬ್ಬರ ನಂಬರ್ ಹಾಕಿ ಉಳಿದವರು ಮಾರಿದರೆ, ಯಾರದೋ ಮನೆಯ ತಪ್ಪಿಗೆ ನಂಬರ್ ಇರುವವರು ಉತ್ತರ ಹೇಳಬೇಕಾಗುತ್ತದೆ. ಒಂದೇ ಜಾಗದಲ್ಲಿ ಸೇರಿ ಮಾಡುವುದು ಒಳ್ಳೆಯ ದಾರಿ.

"ಬೆಂಗಳೂರು, ಮುಂಬೈಗೆ ಪಾರ್ಸೆಲ್ ಮಾಡಬಹುದಾ?"

ಬೆಂಗಳೂರಿಗೆ ಕಳಿಸಿ, ಬಿಸ್ಕತ್ತು, ರಸ್ಕು, ಪ್ಲಮ್ ಕೇಕ್ ಆದರೆ. ಕ್ರೀಮ್ ಇರುವುದು ಬೇಡ. ರಾಜ್ಯದಾಚೆ ತೆರಿಗೆ ಇರುವ ಸರಕು ಮಾರುವುದಾದರೆ 40 ಲಕ್ಷದ ವಿನಾಯಿತಿ ಅನ್ವಯಿಸುವುದಿಲ್ಲ, ಜಿಎಸ್‌ಟಿ ನೋಂದಣಿ ಮೊದಲು ಬೇಕು. ಮುಂಬೈಯ ಅತ್ತಿಗೆಗೆ ಪ್ರೀತಿಯಿಂದ ಕಳಿಸುವುದಕ್ಕೆ ಅಡ್ಡಿಯಿಲ್ಲ.

"ಕ್ರಿಸ್‌ಮಸ್‌ಗೆ ಕೇಕ್ ಜೊತೆ ಮನೆಯ ಅನಾನಸ್ ವೈನ್ ಮಾರಲಾ?"

ಬೇಡವೇ ಬೇಡ. ಅದು ಅಬಕಾರಿ ಕಾನೂನಿಗೆ ಬರುತ್ತದೆ, ಎಫ್‌ಎಸ್‌ಎಸ್‌ಎಐ ನಂಬರ್ ತೋರಿಸಿದರೆ ನಡೆಯುವುದಿಲ್ಲ.

"ನನ್ನ ಹೆಸರನ್ನೇ ಬೇರೆಯವರು ಇಟ್ಕೊಂಡಿದಾರೆ. ಏನು ಮಾಡೋದು?"

ಎಫ್‌ಎಸ್‌ಎಸ್‌ಎಐ ನೋಂದಣಿಯಿಂದ ಹೆಸರಿನ ಮೇಲೆ ಹಕ್ಕು ಬರುವುದಿಲ್ಲ. ಅದಕ್ಕೆ ಟ್ರೇಡ್‌ಮಾರ್ಕ್. ಬೇಕರಿ ಪದಾರ್ಥ 30ನೇ ವರ್ಗ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಶುಲ್ಕ 4,500 ರೂಪಾಯಿ. ಹೆಸರು ಇಡುವ ಮೊದಲೇ ಆ ಇಲಾಖೆಯ ತಾಣದಲ್ಲಿ ಹುಡುಕಿ ನೋಡಿ. "ಮಲ್ನಾಡ್ ಕೇಕ್ಸ್" ಥರದ್ದಕ್ಕೆ ರಕ್ಷಣೆ ಸಿಗುವುದು ಕಷ್ಟ, ಊರಿನ ಹೆಸರು ಎಲ್ಲರದ್ದು. ಅಜ್ಜಿ ಹೆಸರೋ ಮನೆ ಹೆಸರೋ ಇಟ್ಟರೆ ವಾಸಿ.